ಮೂಡಲ ಬಾಗಲಾ

ಚಳಿಗಾಲ ಬರೂದರಾಗ ಘೋಡಗೇರಿಯ ಸತ್ತೆವ್ವ ಹಿತ್ತಲದಾಗ ಕೋಳಿಗೂಡು ಕಟ್ಟಿದಳು. ಮಣ್ಣು ತುಳಿದು ಗ್ವಾಡಿ ಏರಿಸಿ, ಒಳಗ ಕಬ್ಬಿನ ಒಣಗರಿಯ ರವದಿ ಹಾಸಿದಳು. ಬಾಗಲಾ ಮಾತ್ರ ಗಂಡ ಹನಮಂತ ಹಠ ಹಿಡಿದು ಮೂಡಲಕ್ಕೇ ಇಟ್ಟ. ಮೂಡಲಾನ ಶುಭ ಅಂದ. ಕೋಳಿ ಏನು ಹೊಸ್ತಿಲ ಪೂಜಿ ಮಾಡತಾವೇನು? ಥಂಡಿಗಾಳಿ ಬೀಸೂದು ಆ ಕಡಿಂದಲೇ ಅಂತ ಆಕಿ ಬಾಯಿ ನೋಯುವ ತನಕ ಹೇಳಿದ್ದಳು.

ದೀಪಾವಳಿ ಮುಗಿದು ಮೂಡಗಾಳಿ ಬಿಟ್ಟಿತು. ಒಂದು ಮುಂಜಾನೆ ಮರಿಯೊಂದು ಸೆಟೆದು ಬಿದ್ದಿತ್ತು. ಸತ್ತೆವ್ವನ ಪಿತ್ತ ನೆತ್ತಿಗೇರಿತು.

ಸಂಜಿಗೆ ಹನಮಂತ ಹೊಲದಿಂದ ನಡುಗುತ್ತ ಬಂದ. "ನನ್ನ ಕಂಬಳಿ ಎಲ್ಲೈತಿ?"

"ಗೂಡಿನ ಬಾಗಲಕ್ಕ ಕಟ್ಟೇನಿ," ಅಂದಳು ಸತ್ತೆವ್ವ. "ನೀವು ಮೂಡಲಕ್ಕ ಮಾರಿ ಮಾಡಿ ಮಲಗ್ರಿ. ಶುಭ ಆಗತೈತಿ."