ಬೆಳಗಿನ ಗಾಡಿಯ ತಪ್ಪು ಉತ್ತರಗಳು

ದತ್ತಾರಾಮ್ ಪರಬ್‌ಗೆ ತನ್ನ ಕಂಪನಿಯ ಮೇಲೆ ಅನುಮಾನ ಹುಟ್ಟಿದ್ದು ಮೊಬೈಲಿನ ಪಾಠಗಳಿಂದ. ಅವನದು ಲಿಫ್ಟ್ ರಿಪೇರಿಯ ಕೆಲಸ. ದಿನವಿಡೀ ಮುಂಬಯಿಯ ಕಟ್ಟಡದಿಂದ ಕಟ್ಟಡಕ್ಕೆ ಓಡುವವರನ್ನು ಒಂದೆಡೆ ಕೂರಿಸಿ ಕಲಿಸುವುದು ಆಗದ ಮಾತೆಂದು ಕಂಪನಿ ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿತ್ತು. ಸರಿ ಉತ್ತರ ಕೊಟ್ಟರೆ ಮುಂದಿನ ಪಾಠ. ತಪ್ಪಿದರೆ ಅದನ್ನೇ ತಿರುಗಿಸಿ ಮುರುಗಿಸಿ ಮತ್ತೆ ಕೇಳುತ್ತಿತ್ತು.

ಸಂಜೆ ದತ್ತಾರಾಮ್ ಎಷ್ಟೇ ಮುಂದೆ ಹೋಗಿರಲಿ, ಮರುದಿನ ಊಟದ ಹೊತ್ತಿಗೆ ನೋಡಿದರೆ ಆ್ಯಪ್ ಅವನನ್ನು ಹಿಂದಕ್ಕೆ ತಳ್ಳಿರುತ್ತಿತ್ತು.

"ಇದು ಪಾಠ ಅಲ್ಲ ಬಬನ್ ಭಾವೂ. ನಮ್ಮನ್ನ ಕೆಲಸದಿಂದ ತಗೀಲಿಕ್ಕೆ ನೆಪ ಹುಡುಕಾಕತ್ತಾರ," ಎಂದ ವಡಾಪಾವ್ ತಿನ್ನುತ್ತಾ.

ಬಬನ್ ಶೇಲಾರ್ ಅವನ ಜೊತೆಗಾರ, ವಯಸ್ಸಿನಲ್ಲಿ ಹಿರಿಯ. ನಟ್ಟು ಬಿಗಿಯುವ ಪಾನಾ ಹಿಡಿಯುವುದನ್ನು ದತ್ತಾರಾಮ್‌ಗೆ ಕಲಿಸಿದವನೇ ಅವನು. "ಇರಬಹುದಪ್ಪಾ," ಎಂದು ಹಸಿಮೆಣಸಿನಕಾಯಿ ಕಚ್ಚಿದ. "ದೊಡ್ಡವರ ಹೊಟ್ಯಾಗ ಏನಿರತೈತಿ ಯಾರಿಗೆ ಗೊತ್ತು."

ಪರೇಲ್‌ನ ಹೊಸ ಬಹುಮಹಡಿ ಕಟ್ಟಡದ ಲಿಫ್ಟುಗಳು ದತ್ತಾರಾಮ್‌ಗೆ ಸಿಗಬೇಕಿತ್ತು. ಕಲಿಕೆ ಸಾಲದೆಂದು ಅವು ಕೈತಪ್ಪಿದವು. ಸಿಟ್ಟಿನಿಂದ ತರಬೇತಿ ನೋಡಿಕೊಳ್ಳುವ ಸಾಮಂತ್ ಮೇಡಂ ಹತ್ತಿರ ಹೋದ. ಆಕೆ ಕಂಪ್ಯೂಟರ್ ಪರದೆಯನ್ನೇ ಅವನತ್ತ ತಿರುಗಿಸಿದಳು.

"ಸಂಜಿ ನಿಮ್ಮ ಉತ್ತರ ಎಲ್ಲಾ ಸರಿ ಅದಾವ. ತಪ್ಪೆಲ್ಲಾ ಬೆಳಿಗ್ಗೆ, ನೀವು ಗಾಡಿಯೊಳಗ ಇರೋ ಹೊತ್ತಿನಾಗ. ನಿದ್ದಿಗಣ್ಣಾಗ ಒತ್ತತೀರೇನು?"

ವಿರಾರ್‌ನ ರೈಲುಗಾಡಿಯಲ್ಲಿ ಸೀಟು ಸಿಕ್ಕಿದೊಡನೆ ದತ್ತಾರಾಮ್ ಕಣ್ಣು ಮುಚ್ಚುತ್ತಿದ್ದ. ಅಭಂಗ ಕೇಳುತ್ತೇನೆಂದು ಅವನ ಫೋನು ತೆಗೆದುಕೊಳ್ಳುತ್ತಿದ್ದವನು ಬಬನ್. ಕಣ್ಣಾರೆ ನೋಡದೆ ಆ ಹೆಸರು ಹೇಳುವುದು ದತ್ತಾರಾಮ್‌ಗೆ ಬೇಡವೆನಿಸಿತು.

"ಹೌದ್ರೀ ಮೇಡಂ, ನಿದ್ದಿ," ಎಂದಷ್ಟೇ ಹೇಳಿ ಎದ್ದು ಬಂದ.

ಮರುದಿನ ಗಾಡಿಯಲ್ಲಿ ನಿದ್ದೆಯ ನಟನೆ ಮಾಡಿ ರೆಪ್ಪೆಯ ಸಂದಿಯಿಂದ ನೋಡಿದ. ಬಬನ್ ತುಟಿ ಅಲುಗಿಸುತ್ತಾ ಪ್ರಶ್ನೆ ಓದುತ್ತಿದ್ದ: ಬಾಗಿಲಿನ ಬೀಗ ಕೆಟ್ಟು ಲಿಫ್ಟ್ ನಿಂತರೆ ಏನು ಮಾಡುವಿರಿ? ಬೀಗಕ್ಕೆ ಬದಲು ತಂತಿ ಜೋಡಿಸಿ ಓಡಿಸುತ್ತೇನೆ ಎಂಬುದನ್ನು ಒತ್ತಿದ. ತಪ್ಪೆಂದು ಬಂತು. ಪ್ರಶ್ನೆ ಬೇರೆ ರೂಪದಲ್ಲಿ ಬಂದಾಗಲೂ ಅದನ್ನೇ ಒತ್ತಿದ.

ದಾದರ್‌ನಲ್ಲಿ ಇಳಿದ ಮೇಲೆ ದತ್ತಾರಾಮ್ ಅವನ ಮುಂದೆ ಅಡ್ಡ ನಿಂತ. "ನನ್ನ ಹೊಟ್ಟಿ ಮ್ಯಾಲ ಯಾಕ ಹೊಡದ್ರಿ ಭಾವೂ?"

ಬಬನ್ ಸುಳ್ಳು ಹೇಳಲಿಲ್ಲ. "ಹೊಸಾ ಮಷೀನು ನನ್ನ ತಲಿಗೆ ಹತ್ತೂದಿಲ್ಲೋ. ನಿನ್ನ ಫೋನಿನಾಗ ತಪ್ಪು ಮಾಡಿ ಕಲತು, ನನ್ನದರಾಗ ಸರಿ ಒತ್ತತಿದ್ದೆ. ನೀ ಶಾಣ್ಯಾ, ನಿನಗೇನು ಆಗತೈತಿ ಅಂದಕೊಂಡೆ."

ಬೈಯಬೇಕೆಂದುಕೊಂಡಿದ್ದ ದತ್ತಾರಾಮ್‌ನ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು: ಎರಡು ಸಲವೂ ಬಬನ್ ಒತ್ತಿದ ಆ ತಂತಿಯ ಉತ್ತರ. ಅಂದು ಗಿರ್ಗಾವ್‌ನ ಕಟ್ಟಡವೊಂದರಲ್ಲಿ ಅವನು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯಬೇಕಿತ್ತು. ಬಬನ್ ಮೇಲೆ ಮಷೀನ್ ಕೋಣೆಯಲ್ಲಿ. ಎಂದಿನಂತೆ ದತ್ತಾರಾಮ್ ಕೆಳಗಿನಿಂದ "ಬಂದ್ ಮಾಡಿದ್ರೇನು?" ಎಂದು ಕೂಗಲಿಲ್ಲ. ಮೆಟ್ಟಿಲೇರಿ ಹೋಗಿ ತಾನೇ ಸ್ವಿಚ್ಚು ಆರಿಸಿ, ಯಾರೂ ಮತ್ತೆ ಹಾಕದಂತೆ ಅದಕ್ಕೆ ಬೀಗ ಜಡಿದು, ಕೀಲಿ ಕಿಸೆಗೆ ಹಾಕಿಕೊಂಡ.

"ನನ್ನ ಮ್ಯಾಲಿನ ನಂಬಿಕಿ ಹೋತೇನೋ?" ಎಂದ ಬಬನ್.

"ತಂತಿ ಜೋಡಿಸೂದು ಬರೀ ಫೋನಿನಾಗೋ, ಖರೇನೂ ಮಾಡೀರೋ?"

"ಮಂದಿ ಒದರ‍್ಯಾಡಿದಾಗ ಮಾಡೀನಿ. ಹಳೇ ಲಿಫ್ಟಿಗೆ ಎಲ್ಲಾರೂ ಮಾಡತಿದ್ರು."

"ನಾ ಕೆಳಗ ಇದ್ದಾಗ?"

ಬಬನ್ ಕೈಯಲ್ಲಿದ್ದ ಎಣ್ಣೆ ಬಟ್ಟೆ ಕೆಳಗಿಟ್ಟ. ಆಮೇಲೆ ಮೆತ್ತಗೆ, "ಭಾಯಖಳಾದಾಗ ಒಂದು ಲಿಫ್ಟು, ಮಾಜ್‌ಗಾಂವ್‌ದಾಗ ಒಂದು, ತಂತಿ ಇನ್ನೂ ಹಂಗ ಐತಿ," ಎಂದ.

ಇಬ್ಬರೂ ಅಲ್ಲಿಗೇ ಹೊರಟರು. ಭಾಯಖಳಾದಲ್ಲಿ ಬಾಗಿಲು ಅರ್ಧ ತೆರೆದೇ ಲಿಫ್ಟ್ ಮೇಲೇರುತ್ತಿತ್ತು. ಮೂರನೆಯ ಮಹಡಿಯ ಬಾಗಿಲಲ್ಲಿ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ಕಾಯುತ್ತಿದ್ದಳು. ಬಬನ್ ಲಿಫ್ಟ್ ನಿಲ್ಲಿಸಿ ತಾನೇ ಹಾಕಿದ್ದ ತಂತಿ ಕಿತ್ತ. ಬಂದವರೆಲ್ಲ ಲಿಫ್ಟ್ ನಿಲ್ಲಿಸಿದ್ದಕ್ಕೆ ಬೈದರು; ಅವನು ಮಾಜ್‌ಗಾಂವ್‌ಗೂ ಹೋಗಿ ಅಲ್ಲಿಯದನ್ನೂ ಕಿತ್ತ.

ಮರುದಿನ ಬಬನ್ ತಾನಾಗಿ ಸಾಮಂತ್ ಮೇಡಂಗೆ ಎಲ್ಲ ಹೇಳಿದ. ಆಕೆ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಪಾಠ ಮುಗಿಯುವ ತನಕ ಸಾಮಾನಿನ ಕೋಣೆಯ ಕೆಲಸಕ್ಕೆ ಹಾಕಿದಳು. ಪರೇಲ್‌ನ ಲಿಫ್ಟುಗಳು ದತ್ತಾರಾಮ್‌ಗೆ ಬಂದವು, ಜೊತೆಗೊಬ್ಬ ಹೊಸ ಜೊತೆಗಾರ. ಒಳ್ಳೆಯವನೇ, ಜಾಗರೂಕನೂ ಹೌದು. ಗುಂಡಿಗಿಳಿಯುವ ಮೊದಲು ದತ್ತಾರಾಮ್ ಅವನ ಕೈಯಿಂದಲೂ ಸ್ವಿಚ್ಚಿನ ಬೀಗದ ಕೀಲಿ ಇಸಿದುಕೊಂಡ.