ರಾತ್ರಿ ಪಾಳಿಯ ಸೋಮವಾರ

ನನ್ನ ಹೆಂಡತಿ ಭಾಗ್ಯಶ್ರೀಯಂಥ ಹಟಮಾರಿಯನ್ನು ನಮ್ಮ ಮನೆದೇವರು ವೀರಭದ್ರನೂ ನೋಡಿರಲಾರ. ಕುಷ್ಟಗಿ ಕಡೆಯಿಂದ ಬಂದು ಲಗ್ಗೆರೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೇವೆ. ಕಟ್ಟಡದ ಕೆಲಸಕ್ಕೆ ಹೋದ ನಾನು ಮಹಡಿಯಿಂದ ಬಿದ್ದು ಬಲಗಾಲು ಮುರಿದುಕೊಂಡೆ. ಒಳಗೆ ರಾಡು ಹಾಕಿದರು. ಅವತ್ತೇ ಇವಳು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹರಕೆ ಹೊತ್ತಳು: ಗಂಡ ತನ್ನ ಕಾಲ ಮೇಲೆ ನಿಲ್ಲುವ ತನಕ ಪ್ರತಿ ಸೋಮವಾರ ಒಪ್ಪತ್ತು. ಹೊರಲಿ, ಬೇಡ ಅಂದವರು ಯಾರು? ಊರಲ್ಲಿ ನಮ್ಮವ್ವನೂ ಮಾಡುತ್ತಿದ್ದಳು. ಹಗಲು ಉಪವಾಸ, ದೀಪ ಹಚ್ಚಿದ ಮೇಲೆ ಒಂದು ಊಟ, ಅಲ್ಲಿಗೆ ಮುಗಿಯಿತು.

ಆದರೆ ಪೀಣ್ಯದ ಫ್ಯಾಕ್ಟರಿಯಲ್ಲಿ ಇವಳಿಗೆ ರಾತ್ರಿ ಪಾಳಿ. ನಾನು ಹಾಸಿಗೆ ಹಿಡಿದ ಮೇಲೆ ಮನೆ ನಡೆಯುವುದೇ ಅದರಿಂದ. ದೀಪ ಹಚ್ಚುವ ಹೊತ್ತಿಗೆ ಕಂಪನಿ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ, ಆ ಒಂದು ಊಟವೂ ಹೋಯಿತು. ಇನ್ನು ಸೋಮವಾರ ಶುರುವಾಗುವುದು ಯಾವಾಗ, ಮುಗಿಯುವುದು ಯಾವಾಗ? ಭಾನುವಾರದ ಪಾಳಿಯಲ್ಲಿ ಹನ್ನೆರಡು ಹೊಡೆದರೆ ಸಾಕು, ಸೋಮವಾರ ಬಂತೆಂದು ಕ್ಯಾಂಟೀನಿನ ಊಟ ಮುಟ್ಟುವುದಿಲ್ಲ. ಮರುದಿನದ ಪಾಳಿಯಲ್ಲಿ ಹನ್ನೆರಡು ಹೊಡೆದರೆ ಮಾತ್ರ ಮಂಗಳವಾರ ಬರಲಿಲ್ಲವಂತೆ, ಹೊತ್ತು ಹುಟ್ಟಬೇಕಂತೆ! ಶುರುವಿಗೆ ಗಡಿಯಾರ, ಮುಗಿಸುವುದಕ್ಕೆ ಸೂರ್ಯ. ಎರಡು ರಾತ್ರಿ, ನಡುವಿನ ಒಂದು ಹಗಲು, ಹೊಟ್ಟೆಗೆ ಬರೀ ಚಹಾ.

"ದೇವ್ರಿಗೆ ಕಡಿಮಿ ಬೀಳಬಾರದ್ರೀ" ಅನ್ನುತ್ತಾಳೆ. ಯಾವ ದೇವರು ಇವಳನ್ನು ಇಷ್ಟು ಕೇಳಿದ್ದನೋ!

ಮೊದಲು ಹುಳಿತೇಗು ಬಂತು, ಆಮೇಲೆ ಎದೆಯುರಿ. ಸೋಡಾ ಕುಡಿದಳು, ಜೀರಿಗೆ ಅಗಿದಳು. ಹೋದ ವಾರ ವಾಂತಿಯಲ್ಲಿ ರಕ್ತ ಕಂಡಾಗ ಮನೆ ಓನರ್ ಮುನಿಯಕ್ಕನೇ ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದರು, ಮಾತ್ರೆ ಕೊಟ್ಟರು. ಹೊಟ್ಟೆ ಖಾಲಿ ಬಿಡಬಾರದು, ಸ್ವಲ್ಪ ಸ್ವಲ್ಪವೇ ನಿಧಾನವಾಗಿ ಅಗಿದು ತಿನ್ನಬೇಕು, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ ಎಂದು ಗದರಿಸಿ ಕಳಿಸಿದರು. ಎಲ್ಲದಕ್ಕೂ ತಲೆಯಾಡಿಸಿ ಬಂದವಳು, "ಸೋಮವಾರ ಒಂದ್ ಬಿಟ್ಟು ಎಲ್ಲಾ ಹಂಗ ಮಾಡ್ತೀನಿ" ಎಂದಳು. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಇವತ್ತು ಸೋಮವಾರ. ಬೆಳಿಗ್ಗೆ ಪಾಳಿ ಮುಗಿಸಿ ಬಂದವಳು ಹೊಸ್ತಿಲಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದಳು. ಮುಖ ಬಿಳಿಚಿಕೊಂಡಿತ್ತು. ಮುನಿಯಕ್ಕ ಮೊಸರನ್ನದ ತಟ್ಟೆ ಹಿಡಿದು ಓಡಿ ಬಂದಳು.

"ತಿನ್ನಮ್ಮಿ, ನಿನ್ ಕೈ ಮುಗೀತೀನಿ. ಇಂಗೇ ಆದ್ರೆ ಸತ್ತೋಯ್ತೀಯ ಕಣೇ."

"ಇವತ್ತ್ ಸೋಮವಾರ ಐತ್ರೀ ಅಕ್ಕಾ. ಅವರು ಎದ್ದು ನಿಂತ ದಿನಾ ಬಿಡ್ತೀನಿ."

"ನಿನ್ ಸೋಮವಾರಕ್ಕಿಷ್ಟು ಬೆಂಕಿ ಹಾಕ!"

ನಾನು ಮಂಚದ ಮೇಲಿಂದಲೇ ಬೈದೆ. ತಟ್ಟೆ ಬೀಸಿ ಒಗೆಯುತ್ತೇನೆ ಎಂದು ಹೆದರಿಸಿದೆ, ಅದು ಕೈಗೆ ಎಟುಕುವಂತಿರಲಿಲ್ಲ. ಕೊನೆಗೆ ಮಾನ ಮರ್ಯಾದೆ ಬಿಟ್ಟು ಅತ್ತೆ. ಅವಳು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು. ಇವಳು ನನ್ನ ಕಣ್ಣೆದುರೇ ಹೋಗುತ್ತಾಳೆ, ಅದೂ ಈ ಹಾಳು ಕಾಲಿಗಾಗಿ, ನಾನು ಮಲಗಿಕೊಂಡು ನೋಡಬೇಕು.

ಮುಂದಿನ ಎಕ್ಸ್‌ರೇ ತನಕ ಕಾಲೂರಬಾರದು ಎಂದು ನನಗೆ ಹೇಳಿದ್ದರು. ಹೇಳಲಿ. ಕಿಟಕಿಯ ಸರಳು ಹಿಡಿದು ಎಡಗಾಲು ನೆಲಕ್ಕಿಟ್ಟೆ, ಆಮೇಲೆ ಬಲಗಾಲು. ನೋವು ಸೊಂಟದ ತನಕ ಹತ್ತಿತು. ಬಾಯಿಗೆ ಬಂದದ್ದನ್ನೆಲ್ಲ ಒದರಿದೆ, ಆದರೆ ನಿಂತೆ.

"ಏ ಭಾಗ್ಯಾ, ಕಣ್ಣು ತೆಗಿ. ನಿಂತೀನಿ ನೋಡು!"

ಅವಳು ಚೀರಿದಳು. "ಅಯ್ಯಯ್ಯೋ, ಕುಂದ್ರಿ! ಕಾಲು ಮತ್ತ ಮುರೀತೈತ್ರೀ!"

"ಹರಕಿ ತೀರ್ತೋ ಇಲ್ಲೋ?"

ಅಷ್ಟು ಸಂಕಟದಲ್ಲೂ ಅವಳ ಕಣ್ಣು ನನ್ನ ಕೈಯ ಮೇಲೆ ಹೋಯಿತು. "ಸರಳ ಹಿಡದೀರಲ್ರೀ..." ಎಂದಳು ಸಣ್ಣ ದನಿಯಲ್ಲಿ.

ಎಂಥ ಹೆಂಗಸು ಶಿವನೇ! ಸರಳು ಬಿಟ್ಟುಬಿಟ್ಟೆ. ಮುನಿಯಕ್ಕ "ಅಯ್ಯೋ ನಮ್ಮಪ್ಪಾ" ಎನ್ನುತ್ತ ತಟ್ಟೆಯನ್ನು ಅವಳ ಮಡಿಲಿಗಿಟ್ಟು, ಬಂದು ನನ್ನ ಹಿಂದೆ ಎರಡೂ ಕೈ ಚಾಚಿ ನಿಂತಳು.

"ಈಗ ಉಣ್ಣು. ತಟ್ಟಿ ಖಾಲಿ ಆಗೂತನಕಾ ನಾ ಕುಂದ್ರಂಗಿಲ್ಲ."

ಅವಳು ನನ್ನ ನಡುಗುವ ಕಾಲನ್ನೇ ನೋಡುತ್ತ ತುತ್ತಿನ ಮೇಲೆ ತುತ್ತು ಬಾಯಿಗೆ ತುರುಕತೊಡಗಿದಳು. ನನ್ನನ್ನು ಬೇಗ ಕೂರಿಸಬೇಕು, ಅದೊಂದೇ ಅವಳಿಗೆ.

"ನುಂಗಬ್ಯಾಡ!" ಎಂದು ಕೂಗಿದೆ. "ಡಾಕ್ಟರ್ ಏನಂದಾರ? ಅಗದು ತಿನ್ನು."

ಅವಳು ಅಳುತ್ತ ಅಗಿದಳು. ತಟ್ಟೆಯಲ್ಲಿ ಇನ್ನೂ ಅರ್ಧ ಅನ್ನವಿತ್ತು.

"ಸಾವಕಾಶ ಉಣ್ಣು," ಎಂದೆ. "ನಂಗೇನೂ ಅವಸರ ಇಲ್ಲ."