ಚಿಟಿಕೆ ನವಸಾಗರ

ಹುಸ್ನಾ ಸೊಂಟಕ್ಕೆ ಸೆರಗು ಬಿಗಿದು, ಜಮಾತಿನ ದೊಡ್ಡ ಅಡುಗೆ ಪಾತ್ರೆ, ತಾಮ್ರದ ಡೇಗಿನೊಳಗೆ ಅರ್ಧ ಮೈ ಇಳಿಸಿ, ಹುಣಸೆಹಣ್ಣು, ಮರಳು ಹಚ್ಚಿ ತಿಕ್ಕುತ್ತಿದ್ದಳು. ಅವಳ ಅಬ್ಬಾ, ತಾಮ್ರದ ಪಾತ್ರೆಗಳಿಗೆ ತವರ ಬಳಿಯುವ ಮಸ್ಕಿಯ ಕಲಾಯಿಗಾರ ಮಲೀಕಸಾಬನ ಜನಾಜಾ ಆಗಷ್ಟೇ ಓಣಿ ದಾಟಿತ್ತು. ಖಬರಸ್ತಾನದಿಂದ ತಿರುಗಿ ಬಂದವರಿಗೆ ಊಟ ಹಾಕುವುದು ನೆರೆಯವರ ಪಾಲಿನ ಕೆಲಸ. ಎದುರುಮನೆ ಸಂಗಮ್ಮ ಅಕ್ಕಿ, ಬೇಳೆ ತಂದು ಕೂತಿದ್ದಳು. ಇನ್ನೊಂದು ಡೇಗು ತುರ್ವಿಹಾಳದ ಮದುವೆಗೆ ಹೋಗಿತ್ತು. ಉಳಿದದ್ದು ಇದೊಂದೇ, ಇದೂ ಕಲಾಯಿ ಪೂರಾ ಕಿತ್ತುಹೋಗಿ ಮಲೀಕಸಾಬನ ಅಂಗಳಕ್ಕೆ ಬಂದಿತ್ತು. ಅದನ್ನು ಮುಟ್ಟುವ ಮೊದಲೇ ಆತ ಹೊರಟುಬಿಟ್ಟಿದ್ದ.

“ಬರೇ ತಾಮ್ರದಾಗ ಹುಳಿ ಬ್ಯಾಳಿ ಕುದಿಸಿದ್ರ ಬಂದ ಮಂದಿಯೆಲ್ಲ ನಿಮ್ಮಪ್ಪನ ಹಿಂದ ಹೊಂಟಾರವಾ!” ಎಂದಳು ಸಂಗಮ್ಮ.

ಹೆಂಗಸರು ಅಳುತ್ತಲೇ ನಕ್ಕರು. ಹುಸ್ನಾಳ ತಾಯಿ ಮಾಸುಂಬಿ ಮಾತ್ರ ನಗಲಿಲ್ಲ. ಬೆಳಗಿನಿಂದ ಆಕೆ ಹನಿ ನೀರೂ ಮುಟ್ಟಿರಲಿಲ್ಲ.

“ನೀ ತಿದಿ ಊದಾಕಿ. ಕಲಾಯಿ ಹಚ್ಚಾಕ ಹೋಗಬ್ಯಾಡ. ಕೆಟ್ರ ಇವತ್ತೇ ನಿಮ್ಮ ಅಬ್ಬಾನ ಹೆಸರು ಕೆಡತೈತಿ.”

“ಕೆಡಸಂಗಿಲ್ಲ ಅಮ್ಮಾ.” ಅಂದಳೇನೋ ನಿಜ, ಒಮ್ಮೆ ಕೆಡಿಸಿದ್ದು ನೆನಪಿತ್ತು.

*

ಹತ್ತು ವರ್ಷದ ಹಿಂದೆ ಸಂತೆಕಲ್ಲೂರಿನಲ್ಲಿ ಹಟ ಹಿಡಿದು ಅವಳೇ ಒಂದು ಹಂಡೆಗೆ ಕಲಾಯಿ ಹಚ್ಚಿದ್ದಳು. ಹಂಡೆಯ ತುಂಬ ಕಪ್ಪು ಮಚ್ಚೆ! ಅಬ್ಬಾ ಬೈಯಲಿಲ್ಲ, ಬಿದ್ದು ಬಿದ್ದು ನಕ್ಕ. ಆಮೇಲೆ ಅವಳು ಹಚ್ಚಿದ ತವರದ್ದೇ ಚೂರು ಕರಗಿಸಿ, ಅದರ ಮೇಲೆ ಚಿಟಿಕೆ ನವಸಾಗರದ ಉಪ್ಪು ಉದುರಿಸಿದ.

“ಉಪ್ಪು ಎಲ್ಲಿ ಹೋತು ನೋಡು. ಚೊಕ್ಕ ತವರ ಉಪ್ಪನ್ನ ಮೈಮ್ಯಾಲ ಇಟ್ಗೊಂಡು ಹೊಗಿ ಬಿಡ್ತೈತಿ. ಸೀಸ ಬೆರೆತಿದ್ರ ನುಂಗಿ ಕುಂದರ್ತೈತಿ, ಆಮ್ಯಾಲ ಪಾತ್ರಿ ತುಂಬ ಕಾರ್ತೈತಿ. ನೀ ತವರ ನೋಡಲಿಲ್ಲ ಬೇಟಿ, ಬರೇ ಉಪ್ಪು ಹಾಕಿದಿ.”

*

ಅಬ್ಬಾನ ಪೆಟ್ಟಿಗೆಯಲ್ಲಿ ತವರದ ಎರಡು ಗಟ್ಟಿ ಸಿಕ್ಕವು. ಹೊಸದು ಥಳಥಳ ಹೊಳೆಯುತ್ತಿತ್ತು. ಅದರದೊಂದು ಚೂರನ್ನು ಸೌಟಿನಲ್ಲಿ ಕರಗಿಸಿ ನವಸಾಗರ ಹಾಕಿದಳು. ಪುಡಿ ಸದ್ದಿಲ್ಲದೆ ಮಾಯವಾಯಿತು.

“ಕಳ್ಳ! ನುಂಗಿಬಿಟ್ಟ ನೋಡು ಕಾಕಿ,” ಎಂದು ಗಟ್ಟಿಯನ್ನು ಪಕ್ಕಕ್ಕೆ ಒಗೆದಳು.

ಮಂಕಾದ ಹಳೆಯ ತವರದ ಮೇಲೆ ಉಪ್ಪು ಚಟಪಟ ಕುಣಿದು ಬಿಳಿ ಹೊಗೆ ಎಬ್ಬಿಸಿತು. ಹುಸ್ನಾಳಿಗೆ ಖುಷಿ ತಡೆಯಲಾಗಲಿಲ್ಲ. ಸಂಗಮ್ಮ ಏದುಸಿರು ಬಿಡುತ್ತ ತಿದಿ ಊದಿದಳು. ಇವಳು ಅರಳೆಯ ಉಂಡೆಯಿಂದ ತವರವನ್ನು ಸರಸರ ಒರೆಸುತ್ತ ಹೋದಳು. ಕೆಂಪು ತಾಮ್ರ ಸುತ್ತು ಸುತ್ತಾಗಿ ಬೆಳ್ಳಗಾಯಿತು.

ಕಲಾಯಿ ಹಚ್ಚಿದವರೇ ಆ ಪಾತ್ರೆಯಲ್ಲಿ ಮೊದಲು ಹುಳಿನೀರು ಕುಡಿಯಬೇಕು. ಅದು ಮಲೀಕಸಾಬ ಕಡೆತನಕ ಬಿಡದ ರಿವಾಜು. ಹುಸ್ನಾ ತಣ್ಣಗಾದ ಡೇಗಿಗೆ ಹುಣಸೆನೀರು ಸುರಿದು, ಲೋಟ ತರಲು ಒಳಗೆ ಹೋದಳು.

“ಏ ಮಾಸುಂಬಿ, ನಮಗೂ ಒಂದೀಟು ಬಿಡವಾ!” ಸಂಗಮ್ಮನ ಕೂಗು ಕೇಳಿ ಓಡಿಬಂದಳು.

ಅಮ್ಮ ಡೇಗಿಗೆ ಬಗ್ಗಿ, ಬೊಗಸೆ ಬೊಗಸೆ ಮೊಗೆದು ಗಟಗಟ ಕುಡಿಯುತ್ತಿದ್ದಳು. ಹುಳಿನೀರು ಮೊಣಕೈಗುಂಟ ಇಳಿದು ಸೀರೆಯೆಲ್ಲ ತೊಯ್ದಿತ್ತು.